ಬಿಚ್ಚದ ಪದವಿ ಪತ್ರ

(ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.)

ಅಮೆರಿಕದ ಸಣ್ಣ ಊರೊಂದರಲ್ಲಿ ವಯಸ್ಸಾದವರ ಆಪ್ತಸಲಹೆ ನನ್ನ ಕೆಲಸ. ಆ ದಿನ ಬಂದವರು ತೊಂಬತ್ತರ ಹತ್ತಿರದ ಅಮ್ಮ, ಅರವತ್ತು ದಾಟಿದ ಮಗಳು. ಸೇನೆಯಿಂದ ಬಂದ ಕಾಗದವೊಂದು ಇಬ್ಬರ ಜಗಳಕ್ಕೆ ಕಾರಣ: ಎರಡನೇ ಮಹಾಯುದ್ಧದಲ್ಲಿ ಕಾಣೆಯಾದ ನಿಮ್ಮ ಅಣ್ಣನ ಗುರುತಿಗೆ ಡಿಎನ್‌ಎ ಮಾದರಿ ಬೇಕು. ಅಮ್ಮ ಸುತರಾಂ ಒಪ್ಪುತ್ತಿರಲಿಲ್ಲ.

ಕಾಲೇಜು ಮುಗಿದ ವಾರವೇ ಅಣ್ಣ ತರಬೇತಿಗೆ ಹೊರಟಿದ್ದ. 1944ರಲ್ಲಿ ಅಸ್ಸಾಮಿನ ಚಬುವಾದಿಂದ ಚೀನಾದ ಕುನ್‌ಮಿಂಗ್‌ಗೆ ಹೊರಟ ಅವನ ಸಿ-46 ಸರಕು ವಿಮಾನ ತಲುಪಲೇ ಇಲ್ಲ. ಬರ್ಮಾ ರಸ್ತೆ ಜಪಾನೀಯರ ಕೈಸೇರಿದ ಮೇಲೆ ಚೀನಾಕ್ಕೆ ಪೆಟ್ರೋಲು, ಮದ್ದುಗುಂಡು ಹಿಮಾಲಯದ ಪೂರ್ವದಂಚಿನ ಮೇಲೆ ಹಾರಿಯೇ ಹೋಗಬೇಕಿತ್ತು. ಪೈಲಟ್‌ಗಳು ಆ ದಾರಿಯನ್ನು ‘ಹಂಪ್’, ಅಂದರೆ ಗೂನು, ಎನ್ನುತ್ತಿದ್ದರು. 1942ರಿಂದ 1945ರವರೆಗೆ ಅಲ್ಲಿ ಬಿದ್ದ ಇಲ್ಲವೇ ಕಾಣೆಯಾದ ವಿಮಾನಗಳು ಸುಮಾರು 600.

“ಅಣ್ಣ ತೀರಿಕೊಂಡಾಗ ನಿಮಗೆಷ್ಟು ವಯಸ್ಸು?” ಎಂದು ಕೇಳಿಬಿಟ್ಟೆ. ನನ್ನ ತಪ್ಪು.

“ತೀರಿಕೊಂಡ ಅಂತ ಯಾರು ಹೇಳಿದರು? ಕಾಣೆಯಾದಾಗ ಎಂಟು.”

ಎರಡನೇ ಸಲ ಬಂದಾಗ ಅಮ್ಮನ ಕೈಚೀಲದಲ್ಲಿ ಒಂದು ರಟ್ಟಿನ ಕೊಳವೆ. ಕಾಲೇಜು ಅಂಚೆಯಲ್ಲಿ ಕಳಿಸಿದ ಅಣ್ಣನ ಪದವಿ ಪತ್ರ. ‘ಅವನೇ ಬಂದು ಬಿಚ್ಚಲಿ’ ಎಂದು ಅವನ ತಾಯಿ ಎತ್ತಿಟ್ಟಿದ್ದರಂತೆ. ಅಂಚಿನ ಅಂಟುಪಟ್ಟಿ ಕಂದಿ ಬೆಲ್ಲದ ಬಣ್ಣಕ್ಕೆ ತಿರುಗಿತ್ತು, ಆದರೆ ಕಿತ್ತಿರಲಿಲ್ಲ. ಅಲುಗಿಸಿದರೆ ಒಳಗೆ ಕಾಗದ ಸರಿದಾಡುವ ಸದ್ದು.

ಆ ವಾರ ಮಗಳು ಒಬ್ಬರೇ ಫೋನ್ ಮಾಡಿದರು. ಜೀವಕೋಶದೊಳಗಿನ ಪುಟ್ಟ ಘಟಕವಾದ ಮೈಟೋಕಾಂಡ್ರಿಯಾದ ಡಿಎನ್‌ಎ ತಾಯಿಯಿಂದ ಮಕ್ಕಳಿಗೆ ಬರುತ್ತದೆ. ಅಣ್ಣನಲ್ಲಿದ್ದದ್ದೇ ತಂಗಿಯಲ್ಲಿ, ತಂಗಿಯಿಂದ ಮಗಳಲ್ಲಿ. “ನಾನೇ ಕೊಟ್ಟುಬಿಡಲೇ? ಅಮ್ಮನಿಗೆ ಗೊತ್ತಾಗುವುದು ಬೇಡ.” ವಿಜ್ಞಾನದ ಮಟ್ಟಿಗೆ ಅವರ ಮಾತು ಸರಿ. ಬೇಡವೆಂದೆ. ನಾಳೆ ಏನಾದರೂ ಸಿಕ್ಕರೆ ಆ ಸುದ್ದಿಯ ಜೊತೆಗೇ ಕದ್ದು ಮಾಡಿದ ಕೆಲಸವೂ ಅಮ್ಮನೆದುರು ನಿಲ್ಲುತ್ತದೆ. ‘ಒಂದು ಮುಕ್ತಾಯ ಬೇಕಲ್ಲ’ ಅನ್ನುವುದನ್ನೂ ನಿಲ್ಲಿಸಿ ಎಂದೆ. ವಿಯೆಟ್ನಾಂ ಯುದ್ಧದಲ್ಲಿ ಕಾಣೆಯಾದ ಪೈಲಟ್‌ಗಳ ಮನೆಯವರನ್ನು ಅಧ್ಯಯನ ಮಾಡಿದ ಪಾಲಿನ್ ಬಾಸ್ ಮುಕ್ತಾಯಕ್ಕೆ ಒತ್ತಾಯಿಸಬೇಡಿ ಎಂದೇ ಹೇಳುತ್ತಾ ಬಂದವರು. ಇಲ್ಲವಾಗಿರಬಹುದು, ಆದರೂ ಇದ್ದಾನೆ: ಎರಡನ್ನೂ ಒಟ್ಟಿಗೆ ಹಿಡಿದು ಬದುಕಲು ಬರುತ್ತದೆ. ದೇಹ ಸಿಗದವರಿಗೆ ದರ್ಭೆಯ ಪ್ರತಿಕೃತಿ ಮಾಡಿ ದಹಿಸುವ ನಮ್ಮ ಕಡೆಯ ಕ್ರಮ ನೆನಪಾಯಿತು. ಹೇಳಲಿಲ್ಲ. ಅವರ ಮನೆಗೆ ನನ್ನೂರಿನ ಪರಿಹಾರವೇಕೆ?

ಅಮ್ಮನಿಗೆ ಹೇಳಿದ್ದು ಇಷ್ಟೇ. ಮಾದರಿ ಕೊಟ್ಟರೆ ಅಣ್ಣ ಸತ್ತನೆಂದು ರುಜು ಹಾಕಿದಂತಲ್ಲ, ಹುಡುಕುವವರ ಕೈಗೆ ಒಂದು ಗುರುತು ಕೊಟ್ಟಂತೆ. ಕೊಳವೆಯ ಮಾತೇ ಬೇರೆ. ಅದನ್ನು ಬಿಚ್ಚಿ ಎಂದು ಯಾರೂ ಕೇಳಿಲ್ಲ, ನಾನೂ ಕೇಳುವುದಿಲ್ಲ.

ಬಹಳ ಹೊತ್ತು ಸುಮ್ಮನಿದ್ದು, “ಅಮ್ಮನಿಗೆ ಮಾತು ಕೊಟ್ಟಿದ್ದೆ, ಕಾಯುತ್ತೇನೆ ಅಂತ” ಎಂದರು. ಹುಡುಕಿಸುವುದೂ ಕಾಯುವುದರಲ್ಲೇ ಸೇರುತ್ತದಲ್ಲವೇ ಎಂದೆ.

ಮೂರು ವಾರದ ಮೇಲೆ ಕೆನ್ನೆಯೊಳಗೆ ಹತ್ತಿಕಡ್ಡಿ ಆಡಿಸಿ, ಲಕೋಟೆಯನ್ನು ತಾವೇ ಅಂಟಿಸಿದರಂತೆ. ಉತ್ತರ ಬಂದಿಲ್ಲ, ವರ್ಷಗಳೇ ಹಿಡಿಯಬಹುದು. ಕೊಳವೆ ಮಂಚದಡಿಯಿಂದ ಊಟದ ಮೇಜಿಗೆ ಬಂದಿದೆ. ಮಗಳಿಗೆ ಒಮ್ಮೆ ಬಿಚ್ಚಿ ನೋಡುವ ಆಸೆ, ಅಮ್ಮ ಬಿಡುತ್ತಿಲ್ಲ. ಆ ಜಗಳಕ್ಕೆ ಮುಂದಿನ ಗುರುವಾರ ಬರುತ್ತಿದ್ದಾರೆ.