12 ಸೀರಿಯಲ್ ಪೋರ್ಟ್ ಮಷೀನ್‌ಗಳನ್ನು ಒಂದೇ ಕಂಪ್ಯೂಟರಿಗೆ ಜೋಡಿಸುವುದು ಹೇಗೆ?

ನೀವು ಕೇಳಿದ್ದು ಇಷ್ಟು: ನಿಮ್ಮಲ್ಲಿ 12 ತೂಕದ ಮಷೀನ್‌ಗಳಿವೆ. ಎಲ್ಲದರ ಹಿಂದೆಯೂ ಒಂಬತ್ತು ಪಿನ್ನಿನ ಸೀರಿಯಲ್ ಪೋರ್ಟ್ ಇದೆ, ಕಂಪ್ಯೂಟರಿನಲ್ಲಿ ಮಾತ್ರ ಒಂದೂ ಇಲ್ಲ. ಎಲ್ಲ ವೈರ್ ಒಟ್ಟಿಗೆ ಸೇರಿಸಿ ಒಂದೇ ಪೋರ್ಟಿಗೆ ಕೊಡಬಹುದಾ? ಮೂರು ಮಷೀನ್ 60 ಮೀಟರ್ ದೂರದಲ್ಲಿವೆ, ಅವಕ್ಕೇನು ಮಾಡುವುದು? ಜೊತೆಗೆ, ಒಂದು ಮಷೀನಿನಿಂದ ಕೆಲವು ಅಂಕಿ ಸರಿಯಾಗಿ ಬಂದು ಕೆಲವು ವಿಚಿತ್ರ ಗುರುತುಗಳಾಗಿ ಬರುತ್ತಿವೆ. ಅದನ್ನು ಕೊನೆಯಲ್ಲಿ ಹೇಳುತ್ತೇನೆ.

ವೈರ್ ಸೇರಿಸಬೇಡಿ. ನಿಮ್ಮ ಸೀರಿಯಲ್ ಪೋರ್ಟ್ ನಡೆಯುವುದು ಆರ್‌ಎಸ್-232 ಎಂಬ ಪದ್ಧತಿಯಲ್ಲಿ, ಅದು ಇಬ್ಬರ ನಡುವಿನ ಮಾತು. 1960ರಲ್ಲಿ ಅದು ಬಂದದ್ದೇ ಒಂದು ಟರ್ಮಿನಲ್ಲಿಗೆ ಒಂದು ಮೋಡೆಮ್ ಜೋಡಿಸಲು. ಇದರಲ್ಲಿ ಸುಮ್ಮನಿರುವ ಮಷೀನ್ ಕೂಡ ತನ್ನ ವೈರನ್ನು ಬಿಟ್ಟುಕೊಟ್ಟಿರುವುದಿಲ್ಲ, ಮೈನಸ್ ವೋಲ್ಟೇಜಿನಲ್ಲಿ ಹಿಡಿದುಕೊಂಡೇ ಇರುತ್ತದೆ. ಒಂದು ಮಷೀನ್ ಮಾತಾಡಲು ಪ್ಲಸ್‌ಗೆ ಏರಲು ಹೊರಟರೆ ಉಳಿದ ಹನ್ನೊಂದೂ ಸೇರಿ ಅದನ್ನು ಕೆಳಗೆ ಎಳೆಯುತ್ತವೆ. ಕಂಪ್ಯೂಟರಿಗೆ ಏನೂ ತಲುಪುವುದಿಲ್ಲ. ಮಷೀನಿನ ಒಳಗಿನ ಚಿಪ್ ಬಿಸಿಯಾಗುತ್ತದೆ, ಅಷ್ಟೇ.

ಹಾಗಾದರೆ ಆರ್‌ಎಸ್-485 ಎಂಬ ಇನ್ನೊಂದು ಸೀರಿಯಲ್ ಪದ್ಧತಿ ಆಗುತ್ತಾ ಅಂತ ಯಾರಾದರೂ ಹೇಳಿಯೇ ಹೇಳುತ್ತಾರೆ. ಅದರಲ್ಲಿ ಒಂದೇ ಜೋಡಿ ವೈರಿಗೆ 32 ಸಾಧನ ಹಾಕಬಹುದು. ಈಗಿನ ಕಡಿಮೆ ಹೊರೆಯ ಚಿಪ್‌ಗಳಾದರೆ 256ರ ತನಕ ಹೋಗಬಹುದು. ದೂರ ಸುಮಾರು 1200 ಮೀಟರ್. ಕೇಳಲು ಚೆಂದ. ಆದರೆ ಅಲ್ಲಿ ಒಬ್ಬರು ಮಾತಾಡುವಾಗ ಉಳಿದವರು ಬಾಯಿ ಮುಚ್ಚಿಕೊಂಡಿರಬೇಕು. ಅಂದರೆ ಪ್ರತಿ ಮಷೀನಿಗೂ ಒಂದು ವಿಳಾಸ ಇರಬೇಕು, ತನ್ನ ವಿಳಾಸ ಕರೆದಾಗ ಮಾತ್ರ ಉತ್ತರ ಕೊಡಬೇಕು. ಕಾರ್ಖಾನೆಯ ಮಷೀನ್‌ಗಳು ಮಾತಾಡಲು ಬಳಸುವ ಮಾಡ್‌ಬಸ್ ಎಂಬ ನಿಯಮಾವಳಿ ಮಾಡುವುದು ಇದನ್ನೇ. ನಿಮ್ಮ ಮಷೀನಿನ ಸೆಟಿಂಗಿನಲ್ಲಿ ವಿಳಾಸ ಹಾಕುವ ಜಾಗ ಇದೆಯಾ ನೋಡಿ. ಇಲ್ಲದಿದ್ದರೆ, ಪ್ರತಿಯೊಂದಕ್ಕೂ 232ರಿಂದ 485ಕ್ಕೆ ಬದಲಾಯಿಸುವ ಡಬ್ಬಿ ಹಾಕಿದರೂ ಪ್ರಯೋಜನವಿಲ್ಲ. ಡಬ್ಬಿ ವೋಲ್ಟೇಜ್ ಬದಲಾಯಿಸುತ್ತದೆ, ಮಷೀನಿಗೆ ಸರದಿ ಕಾಯುವುದನ್ನು ಕಲಿಸುವುದಿಲ್ಲ.

ಆದ್ದರಿಂದ ನಿಮಗೆ 12 ಬೇರೆ ಬೇರೆ ಪೋರ್ಟ್ ಬೇಕು. ಇದು ಈಗ ಕಷ್ಟದ ಕೆಲಸವೇ ಅಲ್ಲ. ಒಂದು ಕಾಲದಲ್ಲಿ ಪಿಸಿಯಲ್ಲಿ ಕಾಮ್ 1 ಮತ್ತು ಕಾಮ್ 3 (ಸೀರಿಯಲ್ ಪೋರ್ಟಿಗೆ ಪಿಸಿ ಕೊಡುವ ಹೆಸರು ಕಾಮ್) ಒಂದೇ ಇಂಟರಪ್ಟ್, ಅಂದರೆ ಪ್ರೊಸೆಸರನ್ನು ಕರೆಯುವ ಒಂದೇ ಗಂಟೆ, ಹಂಚಿಕೊಳ್ಳುತ್ತಿದ್ದವು, ಮೌಸ್ ಅಲ್ಲಾಡಿಸಿದರೆ ಮೋಡೆಮ್ ಸಾಯುತ್ತಿತ್ತು. ಆ ಕಾಲ ಹೋಯಿತು. ಹತ್ತಿರದ ಒಂಬತ್ತು ಮಷೀನಿಗೆ ಯುಎಸ್‌ಬಿ ಸಾಕು. ಒಂದೊಂದೇ ಯುಎಸ್‌ಬಿ-ಸೀರಿಯಲ್ ಕೇಬಲ್‌ಗಳನ್ನು ಹಬ್‌ಗೆ ಹಾಕಬಹುದು, ಅಥವಾ ಒಂದೇ ಡಬ್ಬಿಯಲ್ಲಿ 8 ಇಲ್ಲವೇ 16 ಪೋರ್ಟ್ ಇರುವುದನ್ನು ತರಬಹುದು. ನಾನಾದರೆ ಡಬ್ಬಿಯನ್ನೇ ತರುತ್ತೇನೆ. ಒಂಬತ್ತು ಕೇಬಲ್ ನೇತಾಡುವ ಹಬ್ಬನ್ನು ಯಾರಾದರೂ ಕಸ ಗುಡಿಸುವಾಗ ಎಳೆದೇ ಎಳೆಯುತ್ತಾರೆ. ಹಬ್ಬೇ ಬೇಕು ಎಂದರೆ ತನ್ನದೇ ಅಡಾಪ್ಟರ್ ಇರುವುದನ್ನು ತನ್ನಿ. ಕಂಪ್ಯೂಟರಿನಿಂದಲೇ ಕರೆಂಟ್ ಎಳೆಯುವ ಯುಎಸ್‌ಬಿ 2.0 ಹಬ್ ಒಂದು ಪೋರ್ಟಿಗೆ 100 ಮಿಲಿಆಂಪ್ ಮಾತ್ರ ಕೊಡುತ್ತದೆ.

ವೇಗದ ಚಿಂತೆ ಬೇಡ. 9600 ಬಾಡ್ ಎಂದರೆ ಸೆಕೆಂಡಿಗೆ 960 ಅಕ್ಷರ. 12 ಮಷೀನ್ ಒಟ್ಟಿಗೆ ಕೂಗಿದರೂ 12,000 ಮುಟ್ಟುವುದಿಲ್ಲ. ಯುಎಸ್‌ಬಿಗೆ ಅದು ಲೆಕ್ಕಕ್ಕೇ ಇಲ್ಲ.

ದೂರದ ಮೂರಕ್ಕೆ ಬೇರೆ ದಾರಿ. ಆರ್‌ಎಸ್-232ಕ್ಕೆ ರೂಢಿಯ ಮಿತಿ 15 ಮೀಟರ್. ಒಳ್ಳೆಯ ಕೇಬಲ್ ಇದ್ದು ವೇಗ ಕಡಿಮೆ ಇದ್ದರೆ ಇನ್ನೂ ಹೋಗುತ್ತದೆ, ಆದರೆ ಅದನ್ನು ನಂಬಿ 60 ಮೀಟರ್ ಎಳೆಯಬೇಡಿ. ಯುಎಸ್‌ಬಿ 2.0 ಕೇಬಲ್ಲಿಗಂತೂ 5 ಮೀಟರ್ ಮಿತಿ. ಆ ಮೂರರ ಪಕ್ಕದಲ್ಲೇ ಸೀರಿಯಲ್ ಡಿವೈಸ್ ಸರ್ವರ್ ಎಂಬ ಡಬ್ಬಿ ಇಟ್ಟು, ಅಲ್ಲಿಂದ ಮಾಮೂಲಿ ನೆಟ್‌ವರ್ಕ್ ಕೇಬಲ್ ಎಳೆಯಿರಿ. ಅದು 100 ಮೀಟರ್ ತನಕ ನಡೆಯುತ್ತದೆ. ನಿಮ್ಮ ಪ್ರೋಗ್ರಾಮಿಗೆ ಕಾಮ್ ಪೋರ್ಟೇ ಬೇಕು ಎಂದರೆ, ಡಬ್ಬಿ ಮಾಡಿದವರ ಡ್ರೈವರ್ ಕಂಪ್ಯೂಟರಿನಲ್ಲಿ ಒಂದು ಸುಳ್ಳು ಕಾಮ್ ಪೋರ್ಟ್ ಹುಟ್ಟಿಸುತ್ತದೆ. ಪ್ರೋಗ್ರಾಂ ನೀವೇ ಬರೆಯುವುದಾದರೆ ನೆಟ್‌ವರ್ಕ್ ಮೂಲಕ ಆ ಡಬ್ಬಿಗೆ ನೇರ ಸಂಪರ್ಕ (ಟಿಸಿಪಿ ಸಾಕೆಟ್) ತೆರೆಯಿರಿ, ತಲೆನೋವು ಕಡಿಮೆ. ಹಳೆಯ ಲಿನಕ್ಸ್ ಪೆಟ್ಟಿಗೆ ಒಂದು ಮೂಲೆಯಲ್ಲಿ ಬಿದ್ದಿದ್ದರೆ ಅದಕ್ಕೆ ಸರ್2ನೆಟ್ ಎಂಬ ಪ್ರೋಗ್ರಾಂ ಹಾಕಿ ಇದೇ ಕೆಲಸ ಮಾಡಿಸಬಹುದು.

ಈಗ ನೀವು ಕೇಳದೇ ಇದ್ದ, ಆದರೆ ಎಲ್ಲಕ್ಕಿಂತ ಜಾಸ್ತಿ ಕಾಡುವ ವಿಷಯ. ಯಾವ ಪೋರ್ಟಿನಲ್ಲಿ ಯಾವ ಮಷೀನ್ ಇದೆ?

ನಾನು ಒಮ್ಮೆ ಲಿನಕ್ಸ್ ಕಂಪ್ಯೂಟರಿಗೆ ಎಂಟು ಮಷೀನ್ ಜೋಡಿಸಿದ್ದೆ. ಯುಎಸ್‌ಬಿ ಸೀರಿಯಲ್ ಪೋರ್ಟಿಗೆ ಲಿನಕ್ಸ್ ಕೊಡುವ ಹೆಸರು ಟಿಟಿವೈ-ಯುಎಸ್‌ಬಿ. ಅದರ 0 ಮೊದಲನೆಯ ಮಷೀನ್, 1 ಎರಡನೆಯದು, ಹೀಗೆ ಪ್ರೋಗ್ರಾಮಿನಲ್ಲೇ ಬರೆದುಬಿಟ್ಟಿದ್ದೆ. ತಿಂಗಳುಗಟ್ಟಲೆ ಚೆನ್ನಾಗಿಯೇ ನಡೆಯಿತು. ಒಂದು ದಿನ ಕರೆಂಟ್ ಹೋಗಿ ಬಂತು. ಆ ಸಂಖ್ಯೆಗಳು ಕೇಬಲ್ಲಿಗೆ ಅಂಟಿಕೊಂಡಿರುವುದಿಲ್ಲ, ಕಂಪ್ಯೂಟರಿನ ಕಣ್ಣಿಗೆ ಯಾವುದು ಮೊದಲು ಬಿತ್ತೋ ಅದು 0. ಆವತ್ತು ಎರಡು ಮಷೀನ್ ಅದಲುಬದಲಾದವು. ಅರ್ಧ ದಿನ ಯಾರಿಗೂ ಗೊತ್ತಾಗಲಿಲ್ಲ. ತಪ್ಪು ಅಂಕಿ ಬಂದಿದ್ದರೆ ಕೂಡಲೇ ಹಿಡಿಯುತ್ತಿದ್ದೆವು. ಬಂದದ್ದೆಲ್ಲ ಸರಿಯಾದ ಅಂಕಿಯೇ, ಪಕ್ಕದ ಮಷೀನಿನದ್ದು. ಆ ದಿನದ ಅಷ್ಟೂ ದಾಖಲೆಯನ್ನು ಕೈಯಲ್ಲಿ ತಿದ್ದಿದ್ದು ನಾನೇ.

ಇದಕ್ಕೆ ಮದ್ದು ಕೇಬಲ್ ಕೊಳ್ಳುವಾಗಲೇ ಶುರುವಾಗುತ್ತದೆ. ಕೆಲವು ಯುಎಸ್‌ಬಿ-ಸೀರಿಯಲ್ ಚಿಪ್‌ಗಳ ಒಳಗೆ ಒಂದೊಂದಕ್ಕೂ ಬೇರೆಯದೇ ಸೀರಿಯಲ್ ನಂಬರ್ ಬರೆದಿರುತ್ತದೆ. ಎಫ್‌ಟಿಡಿಐ ಕಂಪನಿಯ ಎಫ್‌ಟಿ232ಆರ್ ಅಂಥದ್ದು. ಅಗ್ಗದ ಎಷ್ಟೋ ಚಿಪ್‌ಗಳಲ್ಲಿ ಅದು ಇರುವುದೇ ಇಲ್ಲ, ಹತ್ತು ತಂದರೆ ಹತ್ತೂ ಅವಳಿಗಳ ಹಾಗೆ. ನಂಬರ್ ಇದ್ದರೆ ವಿಂಡೋಸ್ ಆ ಕೇಬಲ್ಲನ್ನು ಎಲ್ಲಿ ಚುಚ್ಚಿದರೂ ಅದೇ ಕಾಮ್ ಸಂಖ್ಯೆ ಕೊಡುತ್ತದೆ. ಇಲ್ಲದಿದ್ದರೆ ಚುಚ್ಚಿದ ಜಾಗ ನೋಡಿ ಕೊಡುತ್ತದೆ, ಜಾಗ ಬದಲಾದರೆ ಸಂಖ್ಯೆಯೂ ಬದಲು. ಲಿನಕ್ಸಿನಲ್ಲಿ ಡೆವ್ ಒಳಗೆ ಸೀರಿಯಲ್ ಎಂಬ ಫೋಲ್ಡರ್ ಇದೆ, ಅದರಲ್ಲಿ ಬೈ-ಐಡಿ, ಬೈ-ಪಾಥ್ ಎಂಬ ಎರಡು. ಮೊದಲನೆಯದು ಚಿಪ್ಪಿನ ಗುರುತು ಹಿಡಿದು ಹೆಸರು ಕೊಡುತ್ತದೆ, ಎರಡನೆಯದು ಚುಚ್ಚಿದ ಜಾಗ ಹಿಡಿದು. ಪ್ರೋಗ್ರಾಮಿನಲ್ಲಿ ಇವುಗಳಲ್ಲಿ ಒಂದನ್ನೇ ಬಳಸಿ, ಬರೀ ಸಂಖ್ಯೆಯನ್ನು ಎಂದಿಗೂ ಬೇಡ. ಮತ್ತೆ, ಕೇಬಲ್ಲಿನ ಎರಡೂ ತುದಿಗೆ ಚೀಟಿ ಅಂಟಿಸಿ. ಮಷೀನ್ ಪ್ರತಿ ಸಾಲಿನಲ್ಲೂ ತನ್ನ ಗುರುತಿನ ಸಂಖ್ಯೆ ಕಳಿಸುವ ಸೆಟಿಂಗ್ ಇದ್ದರೆ ಇನ್ನೂ ಒಳ್ಳೆಯದು. ಆಗ ಯಾವ ಪೋರ್ಟಿನಿಂದ ಬಂದರೂ ಚಿಂತೆಯಿಲ್ಲ ಅಲ್ವಾ.

ವಿಂಡೋಸ್ ಬಳಸುವುದಾದರೆ ಇನ್ನೊಂದು ಚಿಕ್ಕ ತೊಡಕು ಇದೆ. 12 ಪೋರ್ಟ್ ಎಂದರೆ ಎರಡಂಕಿಗೆ ಹೋಗಿಯೇ ಹೋಗುತ್ತೀರಿ. ಕಾಮ್ 10 ಮತ್ತು ಮೇಲಿನವನ್ನು ಪ್ರೋಗ್ರಾಮಿನಲ್ಲಿ ನೇರ ಹೆಸರಿನಿಂದ ತೆರೆಯಲು ಹೋದರೆ ಪೋರ್ಟೇ ಇಲ್ಲ ಎನ್ನುತ್ತದೆ. ಹೆಸರಿಗೆ ಮೊದಲು ಎರಡು ಬ್ಯಾಕ್‌ಸ್ಲ್ಯಾಷ್, ಒಂದು ಚುಕ್ಕೆ, ಮತ್ತೊಂದು ಬ್ಯಾಕ್‌ಸ್ಲ್ಯಾಷ್ ಹಾಕಬೇಕು. ಪೈಥಾನ್ ಭಾಷೆಯ ಪೈಸೀರಿಯಲ್ ಲೈಬ್ರರಿ ಬಳಸಿದರೆ ಅದೇ ಹಾಕಿಕೊಳ್ಳುತ್ತದೆ. ಪವರ್ ಸೆಟಿಂಗಿನಲ್ಲಿ ಯುಎಸ್‌ಬಿಯನ್ನು ನಿದ್ದೆಗೆ ಕಳಿಸುವುದನ್ನೂ ಆಫ್ ಮಾಡಿ.

ಪ್ರೋಗ್ರಾಂ ಬರೆಯುವಾಗ 12 ಪೋರ್ಟನ್ನು ಸಾಲಾಗಿ ಒಂದಾದ ಮೇಲೊಂದು ಓದಬೇಡಿ. ಐದನೆಯ ಮಷೀನ್ ಆಫ್ ಆಗಿದ್ದರೆ ನಿಮ್ಮ ಪ್ರೋಗ್ರಾಂ ಅದರ ಬಾಗಿಲಲ್ಲೇ ಕಾಯುತ್ತಾ ನಿಲ್ಲುತ್ತದೆ, ಉಳಿದ ಏಳರ ಮಾತು ಕೇಳುವವರಿಲ್ಲ. ಒಂದೊಂದು ಪೋರ್ಟಿಗೆ ಒಂದೊಂದು ಥ್ರೆಡ್ (ಪ್ರೋಗ್ರಾಮಿನೊಳಗೆ ತನ್ನಷ್ಟಕ್ಕೆ ನಡೆಯುವ ಕೆಲಸ) ಕೊಡಿ. ಬಂದ ಅಕ್ಷರಗಳನ್ನು ಸಾಲು ಮುಗಿಯುವ ತನಕ ಕೂಡಿಡಿ, ಆಮೇಲೆ ಅರ್ಥ ಮಾಡಿ. ಒಂದು ಸಲ ಓದಿದಾಗ ಅರ್ಧ ಸಾಲು ಬರುವುದು ತೀರಾ ಸಾಮಾನ್ಯ.

ಮಷೀನ್‌ಗಳು ಬೇರೆ ಬೇರೆ ಕರೆಂಟ್ ಲೈನಿನಲ್ಲಿದ್ದರೆ ಐಸೊಲೇಷನ್ ಇರುವ, ಅಂದರೆ ಎರಡು ಕಡೆಯ ನಡುವೆ ನೇರ ವಿದ್ಯುತ್ ಸಂಪರ್ಕ ಇಲ್ಲದ ಡಬ್ಬಿಯನ್ನೇ ಕೇಳಿ ತನ್ನಿ. ಎರಡು ಕಡೆಯ ಅರ್ತ್ ನಡುವೆ ವೋಲ್ಟೇಜ್ ವ್ಯತ್ಯಾಸ ಇದ್ದರೆ ಆ ಕರೆಂಟ್ ನಿಮ್ಮ ಸೀರಿಯಲ್ ಕೇಬಲ್ಲಿನ ಐದನೇ ಪಿನ್ (ಗ್ರೌಂಡ್) ಮೂಲಕ ಹರಿಯುತ್ತದೆ. ಮೊದಲು ಕಸದ ಅಕ್ಷರ, ಆಮೇಲೊಂದು ದಿನ ಸತ್ತ ಪೋರ್ಟ್.

ಇನ್ನು ನಿಮ್ಮ ಅರ್ಧ ಕೆಟ್ಟ ಮಷೀನ್. ಅದಕ್ಕೆ ಕೇಬಲ್ ಬದಲಾಯಿಸಬೇಡಿ. ಬಾಡ್, ಅಂದರೆ ವೇಗ, ತಪ್ಪಿದ್ದರೆ ಎಲ್ಲವೂ ಕಸವಾಗುತ್ತಿತ್ತು. ತುಂಬ ತೂಕದ ಮಷೀನ್‌ಗಳು 7 ಬಿಟ್, ಈವನ್ ಪ್ಯಾರಿಟಿಯಲ್ಲಿ (ಒಂದುಗಳ ಲೆಕ್ಕ ಸಮವಾಗುವಂತೆ ಕೊನೆಗೆ ಸೇರಿಸುವ ತಪಾಸಣೆಯ ಬಿಟ್) ಕಳಿಸುತ್ತವೆ, ನಿಮ್ಮ ಪ್ರೋಗ್ರಾಂ 8 ಬಿಟ್, ಪ್ಯಾರಿಟಿ ಇಲ್ಲ ಎಂದು ಓದುತ್ತಿರಬೇಕು. ಶುರುವಿನ ಬಿಟ್, ಕೊನೆಯ ಬಿಟ್ ಸೇರಿ ಎರಡರ ಒಟ್ಟು ಉದ್ದವೂ 10 ಬಿಟ್ಟೇ, ಹಾಗಾಗಿ ಕಂಪ್ಯೂಟರಿಗೆ ಅನುಮಾನ ಬರುವುದಿಲ್ಲ. ಪ್ಯಾರಿಟಿ ಬಿಟ್ಟನ್ನು ಅದು ಎಂಟನೇ ಬಿಟ್ ಅಂದುಕೊಳ್ಳುತ್ತದೆ. ಯಾವ ಅಕ್ಷರದಲ್ಲಿ ಒಂದುಗಳು ಬೆಸ ಸಂಖ್ಯೆಯಲ್ಲಿವೆಯೋ ಅವು ಮಾತ್ರ ಕೆಡುತ್ತವೆ. ತಿಳಿದ ತೂಕಗಳನ್ನು ಇಟ್ಟು ನೋಡಿ: 0, 3, 5, 6, 9 ಸರಿಯಾಗಿ ಬಂದು 1, 2, 4, 7, 8 ಕೆಟ್ಟು ಬರುತ್ತಿದ್ದರೆ ಇದೇ ಕಾರಣ. ಆ ಒಂದು ಪೋರ್ಟಿನ ಸೆಟಿಂಗ್ 7 ಬಿಟ್, ಈವನ್ ಪ್ಯಾರಿಟಿ, 1 ಸ್ಟಾಪ್ (ಕೊನೆಯ) ಬಿಟ್ ಮಾಡಿ.