ಆಸ್ಪತ್ರೆಯಲ್ಲಿ ನರ್ಸ್‌ಗಳ ಆರೈಕೆ ರೋಗಿಗೆ ತಕ್ಕಂತೆ ಇರಬೇಕಾದರೆ ಏನು ಮಾಡಬೇಕು?

ಮೊದಲು ರೋಗಿಗೆ ತಿಳಿಯೋ ಭಾಷೆಯಲ್ಲಿ ಮಾತಾಡಬೇಕು. ನಮ್ಮ ಕಲಬುರಗಿಯ ವಾರ್ಡುಗಳಲ್ಲಿ ಕನ್ನಡ, ಉರ್ದು, ತೆಲುಗು, ಲಂಬಾಣಿ ಎಲ್ಲ ಕೇಳಿಸುತ್ತವೆ.

ನಮ್ಮ ಅತ್ತೆಗೆ ಶುಗರ್. ಇಲ್ಲೇ ಒಂದು ಆಸ್ಪತ್ರೆಯಿಂದ ಡಿಸ್ಚಾರ್ಜ್ ಮಾಡುವಾಗ 'ಇನ್ಸುಲಿನ್ ಊಟಕ್ಕೆ ಮುಂಚೆ' ಅಂತ ನರ್ಸ್ ಗಡಿಬಿಡಿಯಲ್ಲಿ ಹೇಳಿದರು, ಇವರೂ ಹ್ಞೂಂ ಅಂದರು, ಮನೆಗೆ ಬಂದು ನೋಡಿದರೆ ರೊಟ್ಟಿ ತಿಂದು ಕೈ ತೊಳೆದ ಮೇಲೆ ಚುಚ್ಚಿಕೊಳ್ಳುತ್ತಿದ್ದರು. 'ತಿಳೀತಾ?' ಅಂದರೆ ಯಾರಾದರೂ ತಲೆ ಆಡಿಸುತ್ತಾರೆ, ಅಲ್ವಾ? ಅದರ ಬದಲು 'ಮನೇಲಿ ಹೇಗೆ ತಗೊಳ್ತೀರಿ, ನನಗೊಮ್ಮೆ ಹೇಳಿ' ಅಂತ ಅವರ ಬಾಯಿಂದಲೇ ಹೇಳಿಸಬೇಕು. ಇದಕ್ಕೆ ಟೀಚ್‌ಬ್ಯಾಕ್ ಅಂತಾರೆ. ಖರ್ಚಿಲ್ಲ.

ಶಿಫ್ಟ್ ಬದಲಾಗುವಾಗ ವರದಿಯನ್ನು ನರ್ಸಿಂಗ್ ಸ್ಟೇಷನ್ನಿನಲ್ಲಿ ಅಲ್ಲ, ರೋಗಿಯ ಮಂಚದ ಪಕ್ಕದಲ್ಲೇ ಒಪ್ಪಿಸಬೇಕು. ತಪ್ಪಿದ್ದರೆ ರೋಗಿಯೇ ಹೇಳುತ್ತಾನೆ. (ಗುಟ್ಟಿನ ವಿಷಯ ಮಾತ್ರ ಬೇರೆ ಕಡೆ.)

ಇನ್ನೊಂದು, ಗಂಟೆಗೊಮ್ಮೆ ಸುತ್ತು. ನೋವು 0ಯಿಂದ 10ರಲ್ಲಿ ಎಷ್ಟು, ಟಾಯ್ಲೆಟ್ಟಿಗೆ ಹೋಗಬೇಕಾ, ನೀರು ಕೈಗೆ ಸಿಗುತ್ತಾ, ಇಷ್ಟೇ ಕೇಳಿದರೆ ಸಾಕು. ಏಳಲಾಗದವರನ್ನು ಸಾಮಾನ್ಯವಾಗಿ 2 ಗಂಟೆಗೊಮ್ಮೆ ಮಗ್ಗಲು ಬದಲಿಸಬೇಕು. 40 ಡಿಗ್ರಿ ದಾಟುವ ನಮ್ಮ ಬೇಸಿಗೆಯಲ್ಲಿ ಬೆನ್ನು ಬೆವರಿ ಒದ್ದೆಯಾದರೆ ಹಾಸಿಗೆ ಹುಣ್ಣು ಬೇಗ ಆಗುತ್ತದೆ.

ಆದರೆ ಸುಮ್ನೆ ನರ್ಸ್‌ಗಳನ್ನೇ ಬಯ್ಯಬೇಡಿ. ಭಾರತೀಯ ನರ್ಸಿಂಗ್ ಪರಿಷತ್ತಿನ ಲೆಕ್ಕ, ಬೋಧನಾ ಆಸ್ಪತ್ರೆಯ ಸಾಮಾನ್ಯ ವಾರ್ಡಿನಲ್ಲಿ 3 ರೋಗಿಗೆ ಒಬ್ಬರು, ಉಳಿದ ಆಸ್ಪತ್ರೆಗಳ ಸಾಮಾನ್ಯ ವಾರ್ಡಿನಲ್ಲಿ 5ಕ್ಕೆ ಒಬ್ಬರು. ರಾತ್ರಿ ಪಾಳಿಯಲ್ಲಿ ಒಮ್ಮೆ ಹೋಗಿ ಎಣಿಸಿ ನೋಡಿ.