ಯೆಶಾಯ 9:6ರ ಭೂತಕಾಲದ ಬಗ್ಗೆ

ಬೈಬಲಿನ ಯೆಶಾಯ ಪುಸ್ತಕದ 9:6ರಲ್ಲಿ, ಯೇಸುವಿಗಿಂತ ಏಳುನೂರು ವರ್ಷ ಮೊದಲಿದ್ದ ಪ್ರವಾದಿ ಯೆಶಾಯ ‘ಮಗು ಹುಟ್ಟಿದೆ’ ಅಂತ ಆಗಿಹೋದಂತೆ ಯಾಕೆ ಹೇಳಿದ ಎಂದು ಕೇಳಿದ್ದೀರಿ. ಹಳೆಯ ಹೀಬ್ರೂ ಕ್ರಿಯಾಪದ ಮುಖ್ಯವಾಗಿ ತೋರಿಸುವುದು ಕೆಲಸ ಪೂರ್ತಿಯಾಗಿದೆಯೋ ಇಲ್ಲವೋ ಅನ್ನುವುದನ್ನು. ಯಾವಾಗ ಅನ್ನುವುದಕ್ಕೆ ಸಂದರ್ಭ ನೋಡಬೇಕು. ಇಲ್ಲಿನ ‘ಯುಲ್ಲದ್’ (ಹುಟ್ಟಿದೆ) ಪೂರ್ಣರೂಪ, ಅಂದರೆ ಕೆಲಸ ಮುಗಿದಿದೆ ಎಂದು ತೋರಿಸುವ ರೂಪ. ಖಂಡಿತ ಆಗುವುದನ್ನು ಪ್ರವಾದಿಗಳು ಆಗಿಹೋದಂತೆ ನುಡಿಯುವುದುಂಟು. ನಾವೂ ಮನೆಯಲ್ಲೇ ಕೂತು ಫೋನಿನಲ್ಲಿ ‘ಬಂದೆ, ಬಂದೆ’ ಅನ್ನಲ್ವೇ! ಈ ಮಗು ಯೇಸುವೇ ಅನ್ನುವ ಕ್ರೈಸ್ತರು ಸಾಮಾನ್ಯವಾಗಿ ಹೀಗೇ ಓದುತ್ತಾರೆ.

11ನೇ ಶತಮಾನದ ಯೆಹೂದಿ ವ್ಯಾಖ್ಯಾನಕಾರ ರಾಶಿ ಮಾತ್ರ ಅದನ್ನು ನೇರವಾಗಿ ಭೂತಕಾಲವೆಂದೇ ತೆಗೆದುಕೊಂಡು, ಆಗಲೇ ಹುಟ್ಟಿದ್ದ, ಯೆಹೂದದ ಅರಸ ಆಹಾಜನ ಮಗ ಹಿಜ್ಕೀಯನೇ ಈ ಮಗು ಅನ್ನುತ್ತಾರೆ. ವ್ಯಾಕರಣ ಎರಡಕ್ಕೂ ಅಡ್ಡಿ ಮಾಡಲ್ಲ. ಆದರೆ ಸಿಕ್ಕಸಿಕ್ಕಲ್ಲೆಲ್ಲ ‘ಪ್ರವಾದನೆಯ ಭೂತಕಾಲ’ ಅಂತ ಹೇಳಿ ಮುಗಿಸುವುದು ನನಗೆ ಒಪ್ಪಿಗೆಯಿಲ್ಲ. 9:4ರಲ್ಲಿ ನೊಗ ಮುರಿದ ಮಾತೂ ಪೂರ್ಣರೂಪದಲ್ಲೇ ಇದೆ. ಅಲ್ಲಿಂದ ಓದಿಕೊಂಡು ಬನ್ನಿ.